ಮೆಣಸಿನಕಾಯಿ ಪಟ್ಟಿಗೆ ನಾಲ್ಕು ಟೇಬಲ್ ಜೋಡಿಸುವುದು

ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಕಂಪ್ಯೂಟರ್ ಲೆಕ್ಕ ನೋಡಿಕೊಳ್ಳುತ್ತೇನೆ. ಸೋಮವಾರ, ಗುರುವಾರ ಟೆಂಡರ್ ಮುಗಿದ ಕೂಡಲೇ ರೈತರು ಪಟ್ಟಿ ಕೇಳುತ್ತಾರೆ. ಯಾವ ಲಾಟ್ (ಒಟ್ಟಿಗೆ ಮಾರಾಟಕ್ಕಿಟ್ಟ ಮಾಲು), ಎಷ್ಟು ತೂಕ, ಏನು ದರ, ಯಾರು ತಗೊಂಡರು? ಇದೆಲ್ಲ ಡೇಟಾಬೇಸ್‌ನ ಒಂದೇ ಟೇಬಲ್‌ನಲ್ಲಿ (ಸಾಲು, ಕಾಲಂ ಇರುವ ಕೋಷ್ಟಕ) ಇರಲ್ಲ. ನನ್ನ ಹತ್ತಿರ ರೈತ, ಲಾಟ್, ಖರೀದಿದಾರ, ಮುಂಗಡ ಅಂತ ನಾಲ್ಕಿವೆ. ಇವನ್ನು ಎಸ್‌ಕ್ಯೂಎಲ್ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಜೋಡಿಸುವುದು ಹೀಗೆ.

ಉತ್ತರದಲ್ಲಿ ಒಂದು ಸಾಲು ಅಂದರೆ ಏನು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. ಪಟ್ಟಿಯಲ್ಲಿ ಒಂದು ಸಾಲು ಅಂದರೆ ಒಂದು ಲಾಟ್. ಹಾಗಾಗಿ ಲಾಟ್‌ನಿಂದಲೇ ಶುರು. ಸೆಲೆಕ್ಟ್ (ಯಾವ ಕಾಲಂ ಬೇಕು), ಫ್ರಮ್ (ಯಾವ ಟೇಬಲ್‌ನಿಂದ), ಜಾಯಿನ್ (ಯಾವುದನ್ನು ಜೋಡಿಸಬೇಕು), ಆನ್ (ಏನು ಹೊಂದಿದಾಗ ಜೋಡಿಸಬೇಕು) ಇಂಥ ಪದಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು.

ಸೆಲೆಕ್ಟ್ ರೈತ.ಹೆಸರು, ಲಾಟ್.ತೂಕ, ಲಾಟ್.ದರ, ಖರೀದಿದಾರ.ಹೆಸರು
ಫ್ರಮ್ ಲಾಟ್
ಜಾಯಿನ್ ರೈತ ಆನ್ ರೈತ.ಐಡಿ = ಲಾಟ್.ರೈತ_ಐಡಿ
ಲೆಫ್ಟ್ ಜಾಯಿನ್ ಖರೀದಿದಾರ ಆನ್ ಖರೀದಿದಾರ.ಐಡಿ = ಲಾಟ್.ಖರೀದಿದಾರ_ಐಡಿ

ಜೋಡಿಸುವುದು ಐಡಿ (ಪ್ರತಿಯೊಬ್ಬರಿಗೂ ಬೇರೆ ಬೇರೆ ಇರುವ ನಂಬರ್) ಮೇಲೆ, ಹೆಸರಿನ ಮೇಲಲ್ಲ. ನಮ್ಮ ಕಡೆ ಬಸವರಾಜ ಅನ್ನೋ ರೈತರು ಎಷ್ಟು ಜನ ಬೇಕು ಹೇಳಿ!

ಲೆಫ್ಟ್ ಯಾಕೆ? ದರ ಒಪ್ಪದೆ ರೈತ ಮಾಲು ಉಳಿಸಿಕೊಂಡರೆ ಆ ಲಾಟ್‌ಗೆ ಖರೀದಿದಾರನೇ ಇರಲ್ಲ. ಬರೀ ಜಾಯಿನ್ ಹಾಕಿದರೆ ಲಾಟ್ ಪಟ್ಟಿಯಿಂದಲೇ ಮಾಯ. ಲೆಫ್ಟ್ ಇದ್ದರೆ ಸಾಲು ಉಳಿಯುತ್ತದೆ, ಖರೀದಿದಾರನ ಜಾಗದಲ್ಲಿ ನಲ್ (ಖಾಲಿ) ಬರುತ್ತದೆ. ಖರೀದಿದಾರ ಇಂಥ ಊರಿನವನೇ ಆಗಿರಬೇಕು ಅನ್ನುವಂಥ ಷರತ್ತನ್ನು ವೇರ್‌ಗೆ (ಜೋಡಿಸಿದ ಮೇಲೆ ಸಾಲು ಸೋಸುವ ಭಾಗ) ಹಾಕಿದರೆ ಆ ನಲ್ ಸಾಲುಗಳು ಮತ್ತೆ ಉದುರಿ ಹೋಗುತ್ತವೆ. ಅದನ್ನು ಆನ್‌ನಲ್ಲೇ ಇಡಿ.

ಒಂದೊಂದೇ ಟೇಬಲ್ ಸೇರಿಸುತ್ತಾ ಪ್ರತಿ ಸಲ ಕೌಂಟ್ (ಸಾಲುಗಳ ಎಣಿಕೆ) ನೋಡಿ. 40 ಲಾಟ್ ಇದ್ದರೆ ಮೇಲಿನ ಕ್ವೆರಿಯಲ್ಲೂ 40 ಸಾಲೇ ಬರಬೇಕು.

ನಿಜವಾದ ಅಪಾಯ ಇರುವುದು ಮುಂಗಡದಲ್ಲಿ. ಒಬ್ಬ ರೈತನ 3 ಲಾಟ್ ಇವೆ, ಅವನು 5,000 ರೂಪಾಯಿಯಂತೆ 2 ಸಲ ಮುಂಗಡ ತಗೊಂಡಿದ್ದಾನೆ ಅಂದುಕೊಳ್ಳಿ. ಲಾಟ್ ಮತ್ತು ಮುಂಗಡವನ್ನು ರೈತನ ಐಡಿ ಮೇಲೆ ನೇರವಾಗಿ ಜೋಡಿಸಿದರೆ 6 ಸಾಲು ಬರುತ್ತವೆ. ತೂಕದ ಮೊತ್ತ ಎರಡು ಪಟ್ಟು, ಮುಂಗಡ 10,000 ಇರಬೇಕಾದದ್ದು 30,000! ಎರರ್ ಏನೂ ಬರಲ್ಲ, ಅದೇ ಕಷ್ಟ. ವರ್ಷವಿಡೀ ದುಡಿದವನ ಲೆಕ್ಕ ಸುಮ್ನೆ ಕೆಡುತ್ತದೆ. ಸಮ್ (ಕೂಡುವುದು) ಒಳಗೆ ಡಿಸ್ಟಿಂಕ್ಟ್ (ಒಂದೇ ಮೊತ್ತವನ್ನು ಒಂದೇ ಸಲ ಎಣಿಸುವುದು) ಹಾಕಿದರೂ ಆಗಲ್ಲ. ಎರಡೂ ಮುಂಗಡ ಒಂದೇ ಮೊತ್ತದ್ದು, ಅಲ್ವಾ? 5,000 ಮಾತ್ರ ತೋರಿಸುತ್ತದೆ.

ಮೊದಲು ಗ್ರೂಪ್ ಬೈ ಹಾಕಿ ಪ್ರತಿ ರೈತನ ಮೊತ್ತ ಮಾಡಿ, ಆಮೇಲೆ ಜೋಡಿಸಿ:

ಫ್ರಮ್ ರೈತ
ಲೆಫ್ಟ್ ಜಾಯಿನ್ (ಸೆಲೆಕ್ಟ್ ರೈತ_ಐಡಿ, ಸಮ್(ಮೊತ್ತ) ಆಸ್ ಒಟ್ಟು ಫ್ರಮ್ ಮುಂಗಡ ಗ್ರೂಪ್ ಬೈ ರೈತ_ಐಡಿ) ಆಸ್ ಮು ಆನ್ ಮು.ರೈತ_ಐಡಿ = ರೈತ.ಐಡಿ

ಲಾಟ್‌ಗೂ ಹೀಗೇ ಇನ್ನೊಂದು. ಈಗ ಪ್ರತಿ ರೈತನಿಗೆ ಒಂದೇ ಸಾಲು. ಮುಂಗಡ ತಗೊಳ್ಳದವರಿಗೆ ಒಟ್ಟು ನಲ್ ಆಗಿರುತ್ತದೆ, ಮೊತ್ತದಿಂದ ನಲ್ ಕಳೆದರೆ ಉತ್ತರವೂ ನಲ್. ಅದಕ್ಕೆ ಕೋಅಲೆಸ್(ಮು.ಒಟ್ಟು, 0) ಅಂತ ಬರೆಯಿರಿ, ಆಗ ನಲ್ ಬದಲು 0 ಸಿಗುತ್ತದೆ.