ಮನೆ ಕಟ್ಟುವಾಗ ತಕರಾರು ಬಂತಾ? ಮೊದಲು ಒಂದು ವಹಿ ತನ್ನಿ

ಹುಬ್ಬಳ್ಳಿಯಲ್ಲಿ ನಾವು ಮನೆ ಕಟ್ಟಿಸುವಾಗ ಸ್ಲ್ಯಾಬ್ ಹಾಕಿದ ಮೂರನೇ ದಿನ ಭಾನುವಾರ ಬಂತು. ಮಧ್ಯಾಹ್ನ ಹೋಗಿ ನೋಡಿದರೆ ಬದು ಕಟ್ಟಿ ನಿಲ್ಲಿಸಿದ್ದ ನೀರೆಲ್ಲ ಆರಿಹೋಗಿತ್ತು. ಗೌಂಡಿಗೆ ಫೋನ್ ಮಾಡಿದೆ. ‘ವಾಚಮನ್ ನೀರ್ ಬಿಡ್ತಾನ ಅಂತ ತಿಳ್ಕೊಂಡಿದ್ದೆ ನೋಡ್ರಿ’ ಅಂದರು. ವಾಚಮನ್‌ಗೆ ಕೇಳಿದರೆ, ‘ನನಗ ಯಾರೂ ಹೇಳೇ ಇಲ್ರಿ ಸರ್’. ಇಬ್ಬರೂ ಸುಳ್ಳು ಹೇಳಲಿಲ್ಲ. ಸಾದಾ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿಯಂಥದ್ದು ಬೆರೆಸಿದ ಪಿಪಿಸಿ ಸಿಮೆಂಟಾದರೆ 10 ದಿನ ಸ್ಲ್ಯಾಬ್ ಹಸಿಯಾಗಿರಬೇಕು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಭಾನುವಾರ ಯಾರು ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಅವತ್ತು ಸಂಜೆಯೇ ನೂರು ಪುಟದ ಒಂದು ವಹಿ ತಂದೆ.

ಅವತ್ತಿಂದು ಅವತ್ತೇ ಬರೆಯಿರಿ

ವಹಿಯಲ್ಲಿ ನಾಲ್ಕು ಗೆರೆ ಸಾಕು: ತಾರೀಖು, ಏನಾಗಿದೆ, ಯಾರು ಸರಿಮಾಡಬೇಕು, ಯಾವಾಗಿನೊಳಗೆ. ‘ಪ್ಲಂಬರ್ ಬೇಜವಾಬ್ದಾರಿ’ ಅಂತ ಬರೆದರೆ ಅದು ಬೈಗುಳ. ‘ಹಿಂದಿನ ಬಚ್ಚಲಿನ ಪೈಪ್ ಗೋಡೆಯಿಂದ ಎರಡು ಇಂಚು ಹೊರಗಿದೆ, ಟೈಲ್ಸ್ ಕೂಡುವುದಿಲ್ಲ’ ಅಂತ ಬರೆದರೆ ಪ್ಲಂಬರೇ ಬಂದು ಓದಿ ತಲೆ ಕೆರೆದುಕೊಳ್ಳುತ್ತಾರೆ. ಮೊಬೈಲಿನಲ್ಲಿ ಒಂದು ಫೋಟೊ ಇದ್ದರೆ ಇನ್ನೂ ಒಳ್ಳೆಯದು. ವಾಟ್ಸ್ಯಾಪ್ ಗ್ರೂಪ್ ಸಾಕಲ್ವಾ ಅಂತೀರಿ. ಶುಭೋದಯದ ಹೂವುಗಳ ನಡುವೆ ಆ ಪೈಪ್ ಹುಡುಕಿ ನೋಡಿ, ಗೊತ್ತಾಗುತ್ತದೆ.

ಒಂದು ಕೆಲಸಕ್ಕೆ ಒಂದೇ ಹೆಸರು

‘ನಾವೆಲ್ಲ ನೋಡ್ಕೋತೀವಿ’ ಅನ್ನುವ ಮಾತು ಕೇಳಿದರೆ ಯಾರೂ ನೋಡುವುದಿಲ್ಲ ಅಂತಲೇ ತಿಳಿಯಿರಿ. ಇಬ್ಬರ ಹೆಸರೂ ಬೇಡ. ಆ ಮನುಷ್ಯನ ಎದುರಿಗೇ ಬರೆಯಿರಿ.

ಮುಚ್ಚಿಹೋಗುವುದನ್ನು ಮೊದಲು ಹಿಡಿಯಿರಿ

ಬಣ್ಣ ಬೇರೆ ಬಂದರೆ ಆಮೇಲೆ ಬದಲಿಸಬಹುದು. ಸ್ಲ್ಯಾಬಿನೊಳಗಿನ ವೈರಿಂಗ್ ಪೈಪ್ ತಪ್ಪಿದರೆ ಕಾಂಕ್ರೀಟ್ ಒಡೆಯಬೇಕು. ಹಾಗಾಗಿ ಕಾಂಕ್ರೀಟ್ ಬೀಳುವ ಹಿಂದಿನ ಸಂಜೆ ಎಲೆಕ್ಟ್ರಿಷಿಯನ್, ಸೆಂಟ್ರಿಂಗ್‌ನವರು, ಗೌಂಡಿ ಮೂವರನ್ನೂ ಮೇಲೆ ನಿಲ್ಲಿಸಿ ವಹಿ ಓದಿ. ಮುಂದಿನ ಸ್ಲ್ಯಾಬಿಗೆ ನಾನು ಹಾಗೆ ಓದಿದಾಗ ಫ್ಯಾನಿನ ಒಂದು ಬಾಕ್ಸ್ ಹಾಕಿಯೇ ಇರಲಿಲ್ಲ.

ನಾಗರ ಪಂಚಮಿಗೆ ಕೆಲಸಗಾರರು ಊರಿಗೆ ಹೋಗುವುದು ತಕರಾರೇ ಅಲ್ಲ. ಕ್ಯಾಲೆಂಡರಿನಲ್ಲಿ ವರ್ಷದ ಮೊದಲೇ ಬರೆದಿರುತ್ತದೆ.

ಏಕೆ ಅಂತ ಕೇಳುತ್ತಾ ಹೋಗಿ

ನಮ್ಮ ಕಾಂಪೌಂಡ್ ಗೋಡೆ ಬಿರುಕು ಬಿಟ್ಟಿತು. ಸಿಮೆಂಟ್ ಕಡಿಮೆ ಹಾಕಿದ್ದಾರೆ ಅಂತ ಓಣಿಯೆಲ್ಲ ತೀರ್ಪು ಕೊಟ್ಟಿತು. ಕಾಂಟ್ರ್ಯಾಕ್ಟರ್ ಎರಡು ಸಲ ಗಾರೆ ಮೆತ್ತಿಸಿದರು. ಮತ್ತೆ ಬಿಟ್ಟಿತು. ಆಗ ಪರಿಚಯದ ಎಂಜಿನಿಯರ್ ಒಬ್ಬರು ಬಿರುಕು ಮುಗಿಯುವ ಕಡೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲೇ ತಾರೀಖು ಬರೆದರು. ಎರಡು ತಿಂಗಳಲ್ಲಿ ಬಿರುಕು ಗೆರೆ ದಾಟಿ ನಾಲ್ಕು ಬೆರಳು ಮುಂದೆ ಹೋಗಿತ್ತು. ಗೋಡೆ ಇನ್ನೂ ಅಲುಗಾಡುತ್ತಿದೆ ಎಂದಾಯಿತು. ಏಕೆ? ಪಾಯ ಕೂತಿದೆ. ಏಕೆ? ನಮ್ಮದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಪಾಯ ಕೆಳಗಿನ ಗಟ್ಟಿ ಗರಸು (ಹರಳು ಬೆರೆತ ಮಣ್ಣು) ಸಿಗುವ ತನಕ ಹೋಗಿರಲಿಲ್ಲ, ಸುಮ್ನೆ ಎರಿ ಮಣ್ಣಿನಲ್ಲೇ ನಿಂತಿತ್ತು. ಅಷ್ಟು ತುಂಡು ಗೋಡೆ ಕೆಡವಿ, ಗರಸಿನವರೆಗೆ ಅಗೆದು ಮತ್ತೆ ಕಟ್ಟಿಸಿದೆವು. ಸಿಮೆಂಟಿನ ತಪ್ಪು ಏನೂ ಇರಲಿಲ್ಲ.

ಖರ್ಚು ಜಾಸ್ತಿಯಾದರೆ

ಕೆಡವಿ ಕಟ್ಟಿದ್ದಕ್ಕೆ ದುಡ್ಡು ಯಾರು ಕೊಡಬೇಕು? ಇದನ್ನು ಸಲಿಕೆ ಎತ್ತುವ ಮೊದಲು ಮಾತಾಡಿ, ಮೊತ್ತ ಬರೆದು, ಇಬ್ಬರೂ ಸಹಿ ಮಾಡಿ. ನಾವು ಅರ್ಧರ್ಧ ಹಾಕಿಕೊಂಡೆವು. ಮಣ್ಣು ಪರೀಕ್ಷೆ ಮಾಡಿಸದೇ ಇದ್ದದ್ದು ನನ್ನ ತಪ್ಪು, ಪಾಯ ನಿಲ್ಲಿಸಿದ್ದು ಅವರದು.

ಶನಿವಾರ ವಹಿ ತೆಗೆಯಿರಿ

ನಮ್ಮಲ್ಲಿ ಶನಿವಾರ ಬಟವಾಡೆ. ಎಲ್ಲರೂ ಸಿಗುವ ದಿನ ಅದೊಂದೇ. ಪಗಾರ ಕೊಡುವ ಮೊದಲು ಹದಿನೈದು ನಿಮಿಷ ಓದಿ, ಕೊಟ್ಟ ಮೇಲೆ ಯಾರೂ ನಿಲ್ಲುವುದಿಲ್ಲ. ಆಗಿದೆ ಅಂತ ಬಾಯಿಮಾತಿಗೆ ಹೇಳಿದ್ದನ್ನು ಹೊಡೆದುಹಾಕಬೇಡಿ, ಕಣ್ಣಾರೆ ನೋಡಿ. ಬಚ್ಚಲಿನ ಇಳಿಜಾರು ಸರಿಮಾಡಿದ್ದೇವೆ ಅಂದರು. ಒಂದು ಬಕೆಟ್ ನೀರು ಸುರಿದೆ. ನೀರು ಬಾಗಿಲ ಕಡೆಗೇ ಹರಿದು ಬಂತು. ಗೌಂಡಿ ನಕ್ಕರು, ನಾನು ವಹಿಯಲ್ಲಿ ಮುಂದಿನ ಶನಿವಾರದ ತಾರೀಖು ಬರೆದೆ.