ಉಪ್ಪುನೀರಿನ ಅಕ್ವೇರಿಯಂ: ಮೀನಿಗಿಂತ ಮೊದಲು ನೀರು

ನನ್ನ ಟ್ಯಾಂಕ್ 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರ. ಲೆಕ್ಕಕ್ಕೆ 96 ಲೀಟರ್. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನಿಲ್ಲುವ ನೀರು ಸುಮಾರು 80 ಲೀಟರ್. ಮೊದಲ ಸಲಕ್ಕೆ ಇದಕ್ಕಿಂತ ಚಿಕ್ಕದನ್ನು ನಾನು ಯಾರಿಗೂ ಹೇಳುವುದಿಲ್ಲ. 20 ಲೀಟರಿನ ಟ್ಯಾಂಕಿನಲ್ಲಿ ಒಂದು ಮೀನು ಕಲ್ಲಿನ ಸಂದಿಯಲ್ಲಿ ಸತ್ತು ಉಳಿದರೂ ಸಾಕು, ಅಮೋನಿಯ ಏರಿ ಉಳಿದವಕ್ಕೂ ಕುತ್ತು ಬರುತ್ತದೆ. ತುಂಬಿದ ಮೇಲೆ ತೂಕ ನೂರು ಕಿಲೋ ದಾಟುವುದರಿಂದ ಗಟ್ಟಿ ಸ್ಟ್ಯಾಂಡ್ ಬೇಕು. ರಸಮಟ್ಟ ಇಟ್ಟು ನೋಡಿಯೇ ಕೂರಿಸಬೇಕು. ಒಂದು ಮೂಲೆ ಎತ್ತರವಾದರೂ ಗಾಜಿನ ಬೆಸುಗೆಯ ಮೇಲೆ ಒತ್ತಡ ಬೀಳುತ್ತದೆ.

ನೀರಿನ ವಿಷಯಕ್ಕೆ ಹೆಚ್ಚು ಗಮನ ಕೊಡಿ. ಬೆಂಗಳೂರಿನ ಬೋರ್‌ವೆಲ್ ನೀರು ನೇರವಾಗಿ ಬೇಡ. ಮನೆಯ ಆರ್‌ಓ ನೀರೂ ಹಾಗೆಯೇ ಆಗದು, ಏಕೆಂದರೆ ಬಹಳಷ್ಟು ಮಾದರಿಗಳಲ್ಲಿ ರುಚಿಗೆಂದು ಸ್ವಲ್ಪ ಸೋಸದ ನೀರನ್ನು ಮತ್ತೆ ಬೆರೆಸುತ್ತಾರೆ. ಆ ಬೆರಕೆಗಿಂತ ಮೊದಲೇ ಪೈಪ್ ತೆಗೆದು, ಉಳಿದ ಲವಣಾಂಶವನ್ನೂ ಹೀರುವ ಡಿಐ ರೆಸಿನ್ ತುಂಬಿದ ಕಾರ್ಟ್ರಿಜ್ ಮೂಲಕ ಹಾಯಿಸಿದೆ. ಕರಗಿದ ಲವಣಾಂಶ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಬೇಕು. ಇಲ್ಲದಿದ್ದರೆ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಎಲ್ಲ ಪಾಚಿಗೆ ಊಟವಾಗುತ್ತವೆ.

ಅಡುಗೆ ಉಪ್ಪು ಕೆಲಸಕ್ಕೆ ಬಾರದು. ಅದರಲ್ಲಿರುವುದು ಹೆಚ್ಚಾಗಿ ಸೋಡಿಯಂ ಕ್ಲೋರೈಡ್ ಒಂದೇ. ಕಡಲ ನೀರಿನ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪಿಎಚ್ ಕಾಯುವ ಕಾರ್ಬೊನೇಟ್ ಇಲ್ಲ. ಮಂಗಳೂರಿನವರು ಕಡಲ ನೀರನ್ನೇ ತರಬಹುದಲ್ಲ ಎಂದು ಕೇಳುತ್ತಾರೆ. ನೇತ್ರಾವತಿ, ಗುರುಪುರ ನದಿಗಳು ಸೇರುವ ಆ ದಡದಲ್ಲಿ ಮಳೆಗಾಲದಲ್ಲಿ ಉಪ್ಪಿನಂಶ ಇಳಿಯುತ್ತದೆ, ದೋಣಿಯ ಡೀಸೆಲ್ ಕೂಡ ಸೇರಿರಬಹುದು. ಅಕ್ವೇರಿಯಂಗೆಂದೇ ಬರುವ ಸಾಗರ ಲವಣದ ಮಿಶ್ರಣ ಲೀಟರಿಗೆ ಸುಮಾರು 38 ಗ್ರಾಂ, ಅಂದರೆ 80 ಲೀಟರಿಗೆ 3 ಕಿಲೋ ಬೇಕಾಯಿತು. ನೀರಿಗೆ ಉಪ್ಪು ಹಾಕಿ, ಉಪ್ಪಿಗೆ ನೀರಲ್ಲ. ತಿರುವುಮುರುವಾದರೆ ಕ್ಯಾಲ್ಸಿಯಂ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ. ಪಂಪ್ ಇಟ್ಟು ಒಂದು ದಿನ ತಿರುಗಿಸಿ, 25 ಡಿಗ್ರಿ ಉಷ್ಣತೆಯಲ್ಲಿ ಅಳೆಯಿರಿ: ಬರಿಯ ನೀರಿಗೆ ಹೋಲಿಸಿದ ಸಾಂದ್ರತೆ 1.025 ಇರಬೇಕು. ಇದನ್ನು ಅಳೆಯುವ ರಿಫ್ರಾಕ್ಟೋಮೀಟರನ್ನು ಬರಿಯ ನೀರಿನಿಂದಲ್ಲ, 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣದಿಂದ ಸರಿಹೊಂದಿಸಬೇಕು.

ತಳಕ್ಕೆ ಎರಡೂವರೆ ಸೆಂ.ಮೀ. ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟ್) ಮರಳು, 8 ಕಿಲೋ ಸಾಕು. ಮೊದಲು ಕಲ್ಲನ್ನು ಗಾಜಿನ ಮೇಲೆ ಕೂರಿಸಿ, ಆಮೇಲೆ ಸುತ್ತ ಮರಳು ಸುರಿಯಿರಿ. ಮರಳಿನ ಮೇಲಿಟ್ಟ ಕಲ್ಲನ್ನು ಗೋಬಿ ಮೀನು ತೋಡಿ ಉರುಳಿಸುತ್ತದೆ. ನಾನು ಹಾಕಿದ್ದು ಕಾರ್ಖಾನೆಯಲ್ಲಿ ಮಾಡಿದ ಒಣ ಕಲ್ಲು. ನಮ್ಮ ಕಡಲಿನಿಂದ ಕಿತ್ತ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

ಇನ್ನು ಸೈಕ್ಲಿಂಗ್, ಅಂದರೆ ಮೀನಿಗಿಂತ ಮೊದಲು ಬ್ಯಾಕ್ಟೀರಿಯಾ ಬೆಳೆಸುವುದು. ಅಮೋನಿಯವನ್ನು ನೈಟ್ರೈಟ್, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲಿನ ರಂಧ್ರಗಳಲ್ಲಿ ನೆಲೆಗೊಳ್ಳಲು 4ರಿಂದ 6 ವಾರ ಹಿಡಿಯುತ್ತದೆ. ಟ್ಯಾಂಕಿನಲ್ಲಿ ಮೀನು ಇಟ್ಟುಕೊಂಡು ಇದನ್ನು ಮಾಡುವುದು ಕ್ರೌರ್ಯ. 80 ಲೀಟರಿಗೆ ಅರ್ಧ ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿದರೆ ಅಮೋನಿಯ ಸುಮಾರು 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಬರುತ್ತದೆ. ನವಸಾಗರ ಎಂದರೂ ಇದೇ, ಆದರೆ ಗ್ರಂಥಿಗೆ ಅಂಗಡಿಯ ಗಟ್ಟಿ ಬೇಡ, ಪ್ರಯೋಗಾಲಯದ ಶುದ್ಧ ಪುಡಿಯೇ ಇರಲಿ. ಕೊನೆಗೆ ಮತ್ತೆ ಅಷ್ಟೇ ಹಾಕಿ, 24 ಗಂಟೆಯೊಳಗೆ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಮಾತ್ರ ಟ್ಯಾಂಕ್ ಸಿದ್ಧ. ಆಗ ಅರ್ಧ ನೀರು ಬದಲಿಸಿ. ನಡುವೆ ಮರಳಿನ ಮೇಲೆ ಕಂದು ಪುಡಿಯಂಥ ಡಯಾಟಂ ಪಾಚಿ ಹರಡುತ್ತದೆ. ಔಷಧಿ ಬೇಡ, ತಾನಾಗಿ ಹೋಗುತ್ತದೆ.

ಮೊದಲ ಮೀನು ಒಸೆಲ್ಲಾರಿಸ್ ಕ್ಲೌನ್ ಜೋಡಿ, ಮರಿ ಮಾಡಿ ಬೆಳೆಸಿದ್ದೇ ಆಗಬೇಕು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇವನ್ನು ಮರಿ ಮಾಡುವ ವಿಧಾನವನ್ನು ನಮ್ಮಲ್ಲೇ ರೂಪಿಸಿದೆ. ನೀಲಿ ಟ್ಯಾಂಗ್ ಎಷ್ಟೇ ಮನಸ್ಸು ಸೆಳೆದರೂ ಬೇಡ, ಅದು 30 ಸೆಂ.ಮೀ. ಬೆಳೆಯುವ ಮೀನು. ದೂರದಿಂದ ಬಂದ ಚೀಲವನ್ನು ಬಿಚ್ಚಿ ಗಂಟೆಗಟ್ಟಲೆ ಹನಿ ಹನಿ ನೀರು ಬಿಡಬೇಡಿ. ಬಿಚ್ಚಿದೊಡನೆ ಇಂಗಾಲದ ಡೈಆಕ್ಸೈಡ್ ಹೊರಟು ಪಿಎಚ್ ಏರುತ್ತದೆ, ಚೀಲದ ನೀರಿನಲ್ಲಿ ಅಲ್ಲಿಯವರೆಗೆ ನಿರಪಾಯವಾಗಿದ್ದ ಅಮೋನಿಯಂ ವಿಷಕಾರಿ ಅಮೋನಿಯವಾಗುತ್ತದೆ. ಕಟ್ಟಿದ ಚೀಲವನ್ನೇ 20 ನಿಮಿಷ ತೇಲಿಬಿಟ್ಟು, ಚೀಲದ ನೀರಿನ ಉಪ್ಪಿನಂಶಕ್ಕೇ ಹೊಂದಿಸಿಟ್ಟ ಬೇರೆ ತೊಟ್ಟಿಗೆ ಮೀನನ್ನಷ್ಟೇ ಬಿಡಿ. ಅಲ್ಲಿ 4 ವಾರ ಇರಲಿ. ಬಿಳಿ ಚುಕ್ಕೆ ರೋಗ ಬಂದರೆ ತಾಮ್ರದ ಔಷಧಿ ಅಲ್ಲೇ ಕೊಡಬೇಕು. ಮುಖ್ಯ ಟ್ಯಾಂಕಿಗೆ ಹಾಕಿದರೆ ಸೀಗಡಿ, ಶಂಖದ ಹುಳು ಸಾಯುತ್ತವೆ.

ದಿನವೂ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಗಾಜಿನ ಮೇಲೆ ಟೇಪಿನ ಗುರುತು ಹಾಕಿ, ಇಳಿದಷ್ಟು ಸಿಹಿನೀರನ್ನೇ ತುಂಬಬೇಕು. ವಾರಕ್ಕೊಮ್ಮೆ 8 ಲೀಟರ್ ಉಪ್ಪುನೀರು ಬದಲಾವಣೆ, ಅದಕ್ಕೆ 300 ಗ್ರಾಂ ಲವಣ. ಏಪ್ರಿಲ್ ಸೆಕೆಗೆ ನೀರಿನ ಮೇಲೆ ಚಿಕ್ಕ ಫ್ಯಾನ್ ಬೀಸಿದರೆ ಎರಡು ಡಿಗ್ರಿ ಇಳಿಯುತ್ತದೆ, ಆದರೆ ಆವಿಯೂ ಹೆಚ್ಚು. ಡಿಸೆಂಬರ್ ರಾತ್ರಿಗೆ 100 ವಾಟ್ ಹೀಟರ್. ಕರೆಂಟ್ ಹೋದಾಗ ಮೊದಲು ಕಡಿಮೆಯಾಗುವುದು ಆಮ್ಲಜನಕ. ಬ್ಯಾಟರಿ ಏರ್ ಪಂಪ್ ಒಂದು ಟ್ಯಾಂಕಿನ ಪಕ್ಕದಲ್ಲೇ ಇರಲಿ, ತಿಂಗಳಿಗೊಮ್ಮೆ ಓಡಿಸಿ ನೋಡಿ.