ಮೆದುಳಿಗೆ ಪೆಟ್ಟಾದ ಮೇಲಿನ ಬದುಕು: ಇಂಗ್ಲೆಂಡಿನಲ್ಲಿರುವ ಉತ್ತರ ಕನ್ನಡದ ಕುಟುಂಬಗಳಿಗೆ ಆಕ್ಯುಪೇಷನಲ್ ಥೆರಪಿಯ ಪರಿಚಯ

ಕಾರವಾರ, ಕುಮಟಾ, ಶಿರಸಿ ಕಡೆಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿರುವ ಕುಟುಂಬದಲ್ಲಿ ಯಾರಿಗಾದರೂ ಅಪಘಾತದಿಂದಲೋ ರಕ್ತಸ್ರಾವದಿಂದಲೋ ಮೆದುಳಿಗೆ ಗಾಯವಾದಾಗ, ಮೊದಲ ಕೆಲವು ವಾರ ಎಲ್ಲರ ಚಿಂತೆಯೂ ಜೀವ ಉಳಿಯುವುದರ ಕುರಿತೇ ಆಗಿರುತ್ತದೆ. ಆ ಹಂತದಲ್ಲಿ ಏನು ಮಾಡಬೇಕೆಂಬುದನ್ನು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ತಾನೇ ನಿರ್ಧರಿಸಿ ಮಾಡುತ್ತದೆ. ನಿಜವಾದ ತೊಡಕು ಶುರುವಾಗುವುದು ಮನೆಗೆ ಬಂದ ಮೇಲೆ. ಅಲ್ಲಿಂದ ಮುಂದೆ ಸಿಗುವ ನೆರವಿನ ಬಹುಪಾಲು, ದಿನನಿತ್ಯದ ಯಾವ ಕೆಲಸ ಆಗುತ್ತಿಲ್ಲ ಎಂಬುದನ್ನು ನಾವು ಎಷ್ಟು ಬಿಡಿಸಿ ಹೇಳುತ್ತೇವೆ, ಅದು ಕಡತದಲ್ಲಿ ಎಷ್ಟು ಸರಿಯಾಗಿ ದಾಖಲಾಗುತ್ತದೆ ಎಂಬುದನ್ನು ಅವಲಂಬಿಸಿದೆ. ಕೇಳಿದವರಿಗೆಲ್ಲ ‘ಅಡ್ಡಿಲ್ಲ, ಆರಾಮಿದ್ದಾರೆ’ ಎಂದು ಹೇಳಿ ರೂಢಿಯಾದ ನಮ್ಮವರಿಗೆ ಇದು ಸುಲಭವಲ್ಲ. ಆದರೂ ಹೇಳಲೇಬೇಕು.

ಈ ಮಾತುಗಳನ್ನು ಕೇಳಿಸಿಕೊಂಡು ಬರೆದಿಡುವ ಮುಖ್ಯ ವ್ಯಕ್ತಿ ಆಕ್ಯುಪೇಷನಲ್ ಥೆರಪಿಸ್ಟ್. ಫಿಸಿಯೋಥೆರಪಿಸ್ಟ್ ಕೈಕಾಲಿನ ಬಲ ಮತ್ತು ನಡಿಗೆಯ ಕಡೆ ಹೆಚ್ಚು ಗಮನ ಕೊಟ್ಟರೆ, ಇವರು ಸ್ನಾನ, ಉಡುಪು, ಅಡುಗೆ, ಹಣದ ಲೆಕ್ಕ, ಬಸ್ ಪ್ರಯಾಣ, ನೌಕರಿ ಇವೆಲ್ಲವನ್ನೂ ಆ ವ್ಯಕ್ತಿ ಮತ್ತೆ ಹೇಗೆ ಮಾಡಬಲ್ಲರು ಎಂದು ನೋಡುತ್ತಾರೆ. ಆರೋಗ್ಯ ವೃತ್ತಿಪರರನ್ನು ನೋಂದಾಯಿಸುವ ಎಚ್‌ಸಿಪಿಸಿ ಎಂಬ ಮಂಡಳಿಯಲ್ಲಿ ನೋಂದಾಯಿಸದವರು ಈ ಹುದ್ದೆಯ ಹೆಸರನ್ನು ಬಳಸುವುದು ಕಾನೂನಿನ ಪ್ರಕಾರ ಅಪರಾಧ. ಖಾಸಗಿಯಾಗಿ ಯಾರನ್ನಾದರೂ ಗೊತ್ತುಮಾಡುವ ಮೊದಲು ಆ ನೋಂದಣಿಯನ್ನು ಅಂತರಜಾಲದಲ್ಲಿ ಉಚಿತವಾಗಿ ಪರಿಶೀಲಿಸಬಹುದು.

ಆಸ್ಪತ್ರೆಯಿಂದ ಬಿಡುಗಡೆಗೆ ಮುನ್ನ ಸಾಮಾನ್ಯವಾಗಿ ಅಡುಗೆಮನೆಯ ಪರೀಕ್ಷೆಯೊಂದು ನಡೆಯುತ್ತದೆ. ವಾರ್ಡಿಗೆ ಸೇರಿದ ಸಣ್ಣ ಅಡುಗೆಕೋಣೆಯಲ್ಲಿ ಕೆಟಲ್, ಟೀ ಬ್ಯಾಗ್, ಬ್ರೆಡ್ಡು ಇಟ್ಟು ‘ಒಂದು ಚಹಾ ಮಾಡಿ’ ಎನ್ನುತ್ತಾರೆ. ಥೆರಪಿಸ್ಟ್ ನೋಡುವುದು ಚಹಾದ ರುಚಿಯನ್ನಲ್ಲ. ಕೆಲಸದ ಕ್ರಮ ನೆನಪಿದೆಯೇ, ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಕೆಲಸಕ್ಕೆ ಮರಳುತ್ತಾರೆಯೇ, ಎಡಬದಿಯಲ್ಲಿಟ್ಟ ಲೋಟ ಕಣ್ಣಿಗೆ ಬೀಳುತ್ತದೆಯೇ, ಬಿಸಿಯ ಅಪಾಯ ತಿಳಿಯುತ್ತದೆಯೇ ಎಂಬುದನ್ನು. ಆದರೆ ಜೀವಮಾನವಿಡೀ ಪಾತ್ರೆಯಲ್ಲಿ ನೀರಿಟ್ಟು, ಶುಂಠಿ ಜಜ್ಜಿ ಹಾಕಿ, ಪುಡಿ ಸಕ್ಕರೆ ಹಾಲು ಸೇರಿಸಿ ಕುದಿಸಿದ ಕುಮಟೆಯ ಹೆಂಗಸೊಬ್ಬರು ಟೀ ಬ್ಯಾಗಿನ ಮುಂದೆ ತಡವರಿಸಿದರೆ, ಅದು ಮೆದುಳಿನ ಗಾಯದಿಂದಲೋ ಅಭ್ಯಾಸವಿಲ್ಲದ ವಿಧಾನದಿಂದಲೋ ಎಂದು ಹೇಳುವುದು ಕಷ್ಟ. ಆದ್ದರಿಂದ ‘ನಮ್ಮ ಮನೆಯಲ್ಲಿ ಹೀಗೆ ಮಾಡುತ್ತೇವೆ’ ಎಂದು ಮೊದಲೇ ತಿಳಿಸಿ, ಸಾಧ್ಯವಾದರೆ ಅದೇ ಸಾಮಾನುಗಳನ್ನು ಒಯ್ಯಿರಿ. ಶಿರಸಿಯವರು ತಂಬುಳಿಯನ್ನೋ, ಕಾರವಾರದವರು ಮೀನಿನ ಸಾರನ್ನೋ ಗುರಿಯಾಗಿ ಹೇಳಬಹುದು. ರೋಗಿಗೆ ಮುಖ್ಯವೆನಿಸುವ ಕೆಲಸವನ್ನೇ ಗುರಿಯಾಗಿಸುವುದು ಈ ವೃತ್ತಿಯ ಮೂಲ ತತ್ವವಾದ್ದರಿಂದ ಅವರು ಇದನ್ನು ಸ್ವಾಗತಿಸುತ್ತಾರೆ.

ಭಾಷೆಯ ವಿಷಯದಲ್ಲೂ ಸಂಕೋಚ ಬೇಡ. ಕಾರವಾರದ ಕಡೆಯ ಅನೇಕರಿಗೆ ಮನೆಮಾತು ಕೊಂಕಣಿ, ಓದಿದ್ದು ಕನ್ನಡ, ದುಡಿಯುವುದು ಇಂಗ್ಲಿಷಿನಲ್ಲಿ. ಪೆಟ್ಟಿನ ನಂತರ ಈ ಮೂರೂ ಒಂದೇ ಪ್ರಮಾಣದಲ್ಲಿ ಮರಳುತ್ತವೆ ಎನ್ನಲಾಗದು. ಎನ್‌ಎಚ್‌ಎಸ್‌ನಲ್ಲಿ ದುಭಾಷಿಯ ಸೇವೆಗೆ ರೋಗಿ ಹಣ ಕೊಡಬೇಕಾಗಿಲ್ಲ. ಮಗನೋ ಸೊಸೆಯೋ ಅನುವಾದಿಸುವಾಗ ತಪ್ಪು ಉತ್ತರವನ್ನು ಪ್ರೀತಿಯಿಂದ ತಿದ್ದಿಬಿಡುತ್ತಾರೆ, ಆಗ ಪರೀಕ್ಷೆಯ ಫಲಿತಾಂಶವೇ ಕೆಡುತ್ತದೆ.

ಮನೆಗೆ ಬಂದ ನಂತರದ ಜವಾಬ್ದಾರಿ ಎನ್‌ಎಚ್‌ಎಸ್‌ನ ಸಮುದಾಯ ತಂಡ ಮತ್ತು ಸ್ಥಳೀಯ ಕೌನ್ಸಿಲ್‌ಗಳ ನಡುವೆ ಹಂಚಿಹೋಗುತ್ತದೆ. ಸಮುದಾಯ ತಂಡದ ಸೇವೆ ಊರಿಂದೂರಿಗೆ ಬೇರೆಯಾಗಿದ್ದು, ಕಾಯುವ ಪಟ್ಟಿ ಉದ್ದವಿರುತ್ತದೆ. ಬಿಡುಗಡೆಗೆ ಮೊದಲೇ ಹೆಸರು ಸೇರಿದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. 2014ರ ಕೇರ್ ಆ್ಯಕ್ಟ್ ಪ್ರಕಾರ, ನೆರವಿನ ಅಗತ್ಯವಿರುವಂತೆ ಕಾಣುವ ಯಾವುದೇ ವಯಸ್ಕರ ಅಗತ್ಯಗಳನ್ನು, ಅವರ ಆದಾಯ ಎಷ್ಟೇ ಇರಲಿ, ಕೌನ್ಸಿಲ್ ಅಂದಾಜು ಮಾಡಲೇಬೇಕು. ಆರೈಕೆ ಮಾಡುವ ಹೆಂಡತಿಗೋ ಮಗನಿಗೋ ಪ್ರತ್ಯೇಕ ಅಂದಾಜಿನ ಹಕ್ಕೂ ಇದೆ. ನಮ್ಮ ಕುಟುಂಬಗಳು ಇದನ್ನು ಕೇಳುವುದೇ ಅಪರೂಪ ಎಂಬುದು ನನಗೆ ತುಂಬ ನೋವಿನ ವಿಷಯ. ಸ್ನಾನದ ಪೀಠ, ಗೋಡೆಯ ಹಿಡಿಕೆ ಮುಂತಾದ ಸಾಧನಗಳು ಮತ್ತು 1,000 ಪೌಂಡಿನೊಳಗಿನ ಸಣ್ಣ ಮಾರ್ಪಾಡುಗಳು, ಅಗತ್ಯವೆಂದು ಅಂದಾಜಿನಲ್ಲಿ ಕಂಡುಬಂದರೆ, ಉಚಿತ.

ಹೊರಗೆ ಕಾಣದ ತೊಂದರೆಗಳನ್ನು ಹೇಳುವುದು ಇನ್ನೂ ಮುಖ್ಯ. ದಣಿವು, ಮರೆವು, ಕೆಲಸ ಶುರುಮಾಡಲಾಗದಿರುವುದು, ಸಿಡುಕು ಇವು ಸೋಮಾರಿತನವೂ ಅಲ್ಲ, ಸ್ವಭಾವ ಕೆಟ್ಟದ್ದೂ ಅಲ್ಲ, ಗಾಯದ ಪರಿಣಾಮಗಳು. ಊರಿನಿಂದ ಬರುವ ವೀಡಿಯೋ ಕರೆಯಲ್ಲಿ ಅಜ್ಜಿ, ಚಿಕ್ಕಪ್ಪ, ಅತ್ತೆಯ ಮಕ್ಕಳು ಒಟ್ಟಿಗೆ ಮಾತಾಡತೊಡಗಿದರೆ ಸ್ವಲ್ಪ ಹೊತ್ತಿಗೇ ಆ ವ್ಯಕ್ತಿ ಪೂರ್ತಿ ಬಳಲಿ, ಮರುದಿನ ಏಳಲಾಗದೆ ಮಲಗಬಹುದು. ಒಬ್ಬರು ಮಾತ್ರ, ಬೆಳಗಿನ ಹೊತ್ತು, ಹತ್ತು ನಿಮಿಷ ಮಾತಾಡಲಿ ಎಂಬ ನಿಯಮವನ್ನು ಥೆರಪಿಸ್ಟರ ಸಲಹೆ ಎಂದು ಹೇಳಿದರೆ ಮನೆಯ ಹಿರಿಯರು ಬೇಸರಿಸದೆ ಒಪ್ಪುತ್ತಾರೆ. 1979ರಲ್ಲಿ ಆರಂಭವಾದ, ಮೆದುಳಿಗೆ ಗಾಯವಾದವರಿಗೆ ನೆರವಾಗುವ ಹೆಡ್‌ವೇ ಸಂಸ್ಥೆಯು ಉಚಿತ ಸಹಾಯವಾಣಿಯನ್ನೂ, ಗಾಯಗೊಂಡವರು ತಮ್ಮ ತೊಂದರೆಯನ್ನು ಬೇರೆಯವರಿಗೆ ತೋರಿಸಿ ತಿಳಿಸಬಹುದಾದ ಗುರುತಿನ ಚೀಟಿಯನ್ನೂ ಒದಗಿಸುತ್ತದೆ.

ನಮ್ಮವರಿಗೆ ಅಚ್ಚರಿಯೆನಿಸುವ ಇನ್ನೊಂದು ಸಂಗತಿಯಿದೆ. 2005ರ ಮೆಂಟಲ್ ಕೆಪ್ಯಾಸಿಟಿ ಆ್ಯಕ್ಟ್ ಪ್ರಕಾರ, ಗಂಡ ಅಥವಾ ಮಗ ಎಂಬ ಕಾರಣಕ್ಕೇ ರೋಗಿಯ ಪರವಾಗಿ ಸಹಿ ಹಾಕುವ ಅಧಿಕಾರ ಯಾರಿಗೂ ಬರುವುದಿಲ್ಲ. ನಿರ್ಧರಿಸುವ ಶಕ್ತಿ ಇಲ್ಲವೆಂದು ಸಿದ್ಧವಾಗುವವರೆಗೆ ಅದು ಇದೆಯೆಂದೇ ಕಾನೂನು ಭಾವಿಸುತ್ತದೆ.

ದೀರ್ಘಕಾಲದ ಕಾಯಿಲೆ ಅಥವಾ ಅಂಗವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಪಿಪ್ ಎಂಬ ಭತ್ಯೆಯ ಅರ್ಜಿಯಲ್ಲಿ ‘ಅಡುಗೆ ಮಾಡಬಲ್ಲರೇ’ ಎಂಬ ಪ್ರಶ್ನೆಗೆ ಹೌದು ಎಂದಷ್ಟೇ ಬರೆದು ಬಿಡಬೇಡಿ. ಸುರಕ್ಷಿತವಾಗಿ, ಒಪ್ಪುವ ಮಟ್ಟದಲ್ಲಿ, ಬೇಕಾದಷ್ಟು ಸಲ, ತಕ್ಕ ಸಮಯದೊಳಗೆ ಮಾಡಲು ಆಗುತ್ತದೆಯೇ ಎಂಬುದು ಅಲ್ಲಿನ ಅಳತೆ. ಒಮ್ಮೆ ಅನ್ನ ಮಾಡಿ ಗ್ಯಾಸ್ ಆರಿಸಲು ಮರೆತವರು ಸುರಕ್ಷಿತವಾಗಿ ಮಾಡಿದಂತಲ್ಲ. ಆದರೆ ವೀಸಾದಲ್ಲಿ ಸಾರ್ವಜನಿಕ ನಿಧಿ ಪಡೆಯುವಂತಿಲ್ಲ ಎಂಬ ಷರತ್ತಿದ್ದರೆ, ಪಿಪ್‌ಗೆ ಅರ್ಜಿ ಹಾಕುವ ಮುನ್ನ ವಲಸೆ ಸಲಹೆಗಾರರನ್ನು ಕೇಳಲೇಬೇಕು. ಎನ್‌ಎಚ್‌ಎಸ್ ಚಿಕಿತ್ಸೆ ಆ ನಿಧಿಯಲ್ಲಿ ಸೇರಿಲ್ಲ.

ನೌಕರಿಗೆ ಮರಳುವಾಗ 2010ರ ಈಕ್ವಾಲಿಟಿ ಆ್ಯಕ್ಟ್ ಅಡಿಯಲ್ಲಿ ಕಡಿಮೆ ಗಂಟೆ, ಶಾಂತ ಜಾಗ, ಬರಹದ ಸೂಚನೆಗಳಂಥ ಹೊಂದಾಣಿಕೆಗಳನ್ನು ಕೇಳಬಹುದು. 2022ರ ಜುಲೈಯಿಂದ ಕೆಲಸ ಮಾಡಲು ಆರೋಗ್ಯ ಎಷ್ಟು ಅನುಕೂಲವಾಗಿದೆ ಎಂದು ಉದ್ಯೋಗದಾತರಿಗೆ ತಿಳಿಸುವ ಫಿಟ್ ನೋಟ್ ಎಂಬ ಪತ್ರಕ್ಕೆ ಆಕ್ಯುಪೇಷನಲ್ ಥೆರಪಿಸ್ಟರೂ ಸಹಿ ಹಾಕಬಹುದು. ಕಾರು ಓಡಿಸುವ ಮೊದಲು ವೈದ್ಯರನ್ನು ಕೇಳಿ, ಚಾಲನಾ ಪರವಾನಗಿ ಕೊಡುವ ಡಿವಿಎಲ್‌ಎ ಸಂಸ್ಥೆಗೆ ತಿಳಿಸಿ. ತಿಳಿಸದಿದ್ದರೆ 1,000 ಪೌಂಡ್‌ವರೆಗೆ ದಂಡವಿದೆ.

ಸಂದರ್ಶಕರ ವೀಸಾದಲ್ಲಿ ಬಂದ ತಂದೆತಾಯಿಗೆ ಈ ಅನುಕೂಲಗಳಿಲ್ಲ. ತುರ್ತು ವಿಭಾಗದ ಚಿಕಿತ್ಸೆ ಉಚಿತವಾದರೂ ಒಳರೋಗಿಯಾಗಿ ದಾಖಲಾದ ಮೇಲಿನ ಖರ್ಚನ್ನು ತೆರಬೇಕಾಗುತ್ತದೆ, ಹಾಗಾಗಿ ವಿಮೆಯಿಲ್ಲದೆ ಕರೆಸಬೇಡಿ.

ಊರಿಗೆ ಮರಳುವ ಯೋಚನೆಯಿದ್ದರೆ ಥೆರಪಿಸ್ಟರಿಗೆ ಕೆಲವು ತಿಂಗಳು ಮೊದಲೇ ತಿಳಿಸಿ. ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿ ವಿಭಾಗವಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನ ವಿಭಾಗವಿದೆ. ಆದರೆ ಶಿರಸಿಯಿಂದ ಘಟ್ಟ ಇಳಿದು ವಾರವಾರವೂ ಮಣಿಪಾಲಕ್ಕೆ ಹೋಗಿಬರುವುದು ದಣಿವಿನ ರೋಗಿಗೆ ಆಗದ ಮಾತು. ಮನೆಯಲ್ಲೇ ಮಾಡಬಹುದಾದ ಕಾರ್ಯಕ್ರಮವನ್ನು ಇಲ್ಲಿಂದಲೇ ಬರೆಸಿಕೊಂಡು ಹೋಗುವುದು ಒಳ್ಳೆಯದು. ಕೌನ್ಸಿಲ್ ಅಥವಾ ಎನ್‌ಎಚ್‌ಎಸ್ ಎರವಲು ಕೊಟ್ಟ ಸಾಧನಗಳನ್ನು ಹಿಂದಿರುಗಿಸಬೇಕಾಗುತ್ತದೆ. ಬಚ್ಚಲುಮನೆಯ ಹೊಸ್ತಿಲಿನ ಎತ್ತರ, ಶೌಚಾಲಯ ಕುಕ್ಕರಗಾಲಿನದೋ ಕಮೋಡಿನದೋ, ಅಂಗಳದಿಂದ ಜಗುಲಿಗೆ ಎಷ್ಟು ಮೆಟ್ಟಿಲು, ಮಳೆಗಾಲದಲ್ಲಿ ಪಾಚಿ ಕಟ್ಟುವ ಜಾಗ ಯಾವುದು ಇವನ್ನೆಲ್ಲ ಊರಿನವರಿಂದ ಫೋಟೋ ತೆಗೆಸಿ, ಟೇಪು ಹಿಡಿದು ಅಳತೆ ಬರೆಸಿ ತರಿಸಿಕೊಂಡು ಥೆರಪಿಸ್ಟರಿಗೆ ತೋರಿಸಿದರೆ, ಯಾವ ಹಿಡಿಕೆ ಎಲ್ಲಿ ಬೇಕು ಎಂಬುದನ್ನು ಅವರು ಇಲ್ಲಿಂದಲೇ ಹೇಳಬಲ್ಲರು, ಮತ್ತು ವಿಮಾನ ಹತ್ತುವ ಮೊದಲೇ ಊರಿನ ಬಡಗಿಯಿಂದ ಆ ಕೆಲಸ ಮಾಡಿಸಿಡಬಹುದು.